ಹುಲ್ಲಿನ ಪಟ್ಟಿಯಲ್ಲಿ ಗಾಲಿಯ ಜಾಡು

ಶುಕ್ರವಾರ, ನಸುಕಿನ ಎರಡೂ ಹತ್ತು

ಪ್ರೀತಿಯ ಅಣ್ಣ,

ನಿನ್ನ ಹೊಲದ ಪಂಪು ತಾನಾಗಿ ಶುರುವಾದ ಸದ್ದಿಗೆ ಎಚ್ಚರವಾಯಿತು. ಔಷಧಿ ಕಲಸುವ ಡ್ರಮ್ಮು ತುಂಬುತ್ತಿದೆ. ಅಂದರೆ ಬೆಳಗ್ಗೆ ಆರಕ್ಕೆ ನೀನು ಕಳೆ ಔಷಧಿ ಹೊಡೆಯುತ್ತೀಯ. ಮಧ್ಯಾಹ್ನ ಜೋರು ಮಳೆ ಎಂದು ರೇಡಿಯೊದಲ್ಲಿ ಎರಡು ಸಲ ಹೇಳಿದರು, ನಿನಗೂ ಕೇಳಿಸಿರಬೇಕು.

ನೀವೆಲ್ಲ ಕ್ಷೇಮವೆಂದು ನಂಬಿದ್ದೇನೆ. ಇಷ್ಟು ದಿನ ಬರೆಯದಿದ್ದುದಕ್ಕೆ ಕ್ಷಮಿಸು. ಫೋನ್ ಮಾಡಿದರೆ ಕಟ್ ಮಾಡುತ್ತೀಯ, ಅದಕ್ಕೇ ಬರೆದು, ಫೋಟೊ ತೆಗೆದು ಕಳಿಸುತ್ತಿದ್ದೇನೆ. ಪುಟ್ಟಿಗೆ ಐದು ತಿಂಗಳು ತುಂಬಿತು. ತಾನೂ ಮಲಗುವುದಿಲ್ಲ, ನನ್ನನ್ನೂ ಮಲಗಗೊಡುವುದಿಲ್ಲ.

ಅಣ್ಣ, ನನಗೆ ಸಿಟ್ಟು ಬಂದಿದೆ. ಸಣ್ಣ ಸಿಟ್ಟಲ್ಲ.

ಅಪ್ಪನ ಆಸ್ತಿ ಹಂಚಿದಾಗ ಮೇಲಿನ ಹೊಲ ನಿನಗೆ ಬಂತು, ಕೆಳಗಿನ ಮನೆ ಮತ್ತು ಬಾವಿ ನನಗೆ. ನಡುವೆ ಹದಿನೈದು ಹೆಜ್ಜೆ ಅಗಲದ ಹುಲ್ಲಿನ ಪಟ್ಟಿ. ಅದನ್ನು ಮಾತ್ರ ಉಳಬೇಡ, ಔಷಧಿ ಬಾವಿಗೆ ಹರಿಯದ ಹಾಗೆ ತಡೆಯುವುದು ಅದೇ, ಕಾಲೇಜಿನಲ್ಲಿ ಕಲಿತಿದ್ದೇನೆ ಎಂದೆ. "ಆಯ್ತಮ್ಮ, ನಿನ್ನ ಕಾಲೇಜಿನ ಹುಲ್ಲು ನಾನ್ಯಾಕೆ ಮುಟ್ಲಿ" ಎಂದು ನೀನು ನಕ್ಕೆ. ಮಾತಿಗೆ ತಪ್ಪಲಿಲ್ಲ, ಉಳಲೂ ಇಲ್ಲ. ಅದರ ಮೇಲೆ ಟ್ರ್ಯಾಕ್ಟರ್ ತಿರುಗಿಸಿದೆ! ಬೆಳೆ ತುಳಿಯಬಾರದೆಂದು ಪ್ರತಿ ಸಾಲಿನ ಕೊನೆಗೂ ಅಲ್ಲೇ ತಿರುವು. ಈಗ ಗೇಣು ಆಳದ ಜಾಡುಗಳು ಬಾವಿಯ ಕಡೆಗೆ ಬಾಯಿ ತೆರೆದುಕೊಂಡಿವೆ.

ನಿನ್ನೆ ಪುಟ್ಟಿ ಮಲಗಿದ್ದಾಗ ಬಟ್ಟೆಗೆ ಹಾಕುವ ನೀಲಿಯನ್ನು ಎರಡು ಬಕೆಟ್ ನೀರಿಗೆ ಕಲಸಿ ಹೊತ್ತೊಯ್ದೆ. ಒಂದನ್ನು ಹುಲ್ಲು ದಟ್ಟವಾಗಿರುವಲ್ಲಿ ಸುರಿದೆ. ನೀರು ಹರಡಿತು, ತಡವರಿಸಿತು, ನಾಲ್ಕು ಹೆಜ್ಜೆಯಲ್ಲಿ ಇಂಗಿಹೋಯಿತು. ಇನ್ನೊಂದನ್ನು ಜಾಡಿನಲ್ಲಿ ಸುರಿದೆ. ಇಪ್ಪತ್ತು ಎಣಿಸುವಷ್ಟರಲ್ಲಿ ನೀಲಿ ಬಾವಿಯ ಕಟ್ಟೆ ಮುಟ್ಟಿತು. ತಡೆಯಬೇಕಾದ ಹುಲ್ಲು ಪಕ್ಕದಲ್ಲಿ ನಿಂತು ನೋಡುತ್ತಿತ್ತು.

ಆ ಬಾವಿಯ ನೀರನ್ನೇ ಕುದಿಸಿ ಪುಟ್ಟಿಯ ಬಾಟಲಿಗೆ ಹಾಕುತ್ತೇನೆ. ಕುದಿಸಿದರೆ ಕ್ರಿಮಿ ಸಾಯುತ್ತದೆ. ಔಷಧಿ ಸಾಯುತ್ತದೆಯೇ?

ನಿನ್ನ ಡ್ರೈವರನಿಗೆ ಹೇಳಿದೆ. "ಯಜಮಾನ್ರು ತಿರುಗ್ಸು ಅಂದ್ರೆ ತಿರುಗಿಸ್ತೀನಿ ಅಕ್ಕ. ಹುಲ್ಲು ಹಸಿರಾಗೇ ಇದ್ಯಲ್ಲ?" ಎಂದ. ಕೊನೆಗೆ ಕೃಷಿ ಅಧಿಕಾರಿಯನ್ನು ಕರೆಸಿ ತೋರಿಸಿದೆ. ನೀನು "ಮನೆ ಮಾತು ಬೀದಿಗೆ ತಂದ್ಲು" ಎಂದು ಅತ್ತಿಗೆಯ ಮುಂದೆ ಕೂಗಾಡಿದೆಯಂತೆ. ಮನೆ ಮಾತನ್ನು ಮನೆಯಲ್ಲಿ ಕೇಳುವವರು ಯಾರಿದ್ದರು, ಹೇಳು?

ಔಷಧಿ ಹೊಡೆಯಲೇಬೇಡ ಅನ್ನುತ್ತಿಲ್ಲ. ಮಳೆ ಕಳೆಯಲಿ. ಜಾಡಿಗೆ ಮಣ್ಣು ತುಂಬಿ ಹುಲ್ಲಿನ ಬೀಜ ಹಾಕೋಣ, ಗುದ್ದಲಿ ನಾನೂ ಹಿಡಿಯುತ್ತೇನೆ. ಹುಲ್ಲು ಚಿಗುರುವವರೆಗಾದರೂ ತಡೆದುಕೋ. ಟ್ರ್ಯಾಕ್ಟರ್ ಹೊಲದೊಳಗೇ ತಿರುಗಲಿ. ನಾಲ್ಕು ಸಾಲು ಜೋಳ ಹೋದರೆ ಹೋಗಲಿ.

ಅತ್ತಿಗೆಗೆ ನಮಸ್ಕಾರ, ಮಕ್ಕಳಿಗೆ ಅತ್ತೆಯ ಮುತ್ತು. ಎಲ್ಲರೂ ಚೆನ್ನಾಗಿರಿ. ಸಿಟ್ಟಿನಲ್ಲೂ ಅದನ್ನೇ ಬಯಸುತ್ತೇನೆ.

ನಿನ್ನ
ತಂಗಿ

ತಾ.ಕ.: ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಮೊನ್ನೆ ನೀನು ಔಷಧಿ ಅಂಗಡಿಯವನ ಜೊತೆ ಪಟ್ಟಿಯ ಮೇಲೆ ನಿಂತಿದ್ದಾಗ ಪುಟ್ಟಿ ಅಳುತ್ತಿದ್ದಳು. "ಯಾರ ಮಗು ಸಾರ್ ಅದು?" ಎಂದು ಅವನು ಕೇಳಿದ. "ಯಾರೋ ಕೆಳಗಿನ ಮನೆಯವ್ರದು" ಎಂದೆ ನೀನು. ನಾನು ಕಿಟಕಿಯ ಹಿಂದೆಯೇ ಇದ್ದೆ, ಗಾಳಿ ನಿಮ್ಮ ಮಾತನ್ನು ನೇರ ಇಲ್ಲಿಗೇ ತಂದಿತು. ಪಟ್ಟಿಯಿಂದ ನಮ್ಮ ಬಾಗಿಲಿಗೆ ನಲವತ್ತು ಹೆಜ್ಜೆ, ಅಣ್ಣ. ಐದು ತಿಂಗಳಲ್ಲಿ ನೀನು ಒಮ್ಮೆಯೂ ಇಳಿದು ಬರಲಿಲ್ಲ.

ಪಂಪು ನಿಂತಿತು. ಡ್ರಮ್ಮು ತುಂಬಿತು. ಬೆಳಗಾಗುವ ಮುಂಚೆ ಫೋನ್ ಮಾಡು. ಬೈಯುವುದಕ್ಕಾದರೂ ಸರಿ, ಮಾಡು. ನಾನು ಎದ್ದೇ ಇರುತ್ತೇನೆ.