ಅತ್ತೆಯ ಮನೆಗೆ ಅಮ್ಮ ಬರುವ ಮುನ್ನ

ಪಾಮಿರ್ ಬೆಟ್ಟಗಳ ನಡುವಿನ ಖೊರೋಗಿನಲ್ಲಿರುವ ನನ್ನ ಅಮ್ಮನಿಗೆ, ದುಶಾಂಬೆಯಿಂದ ಮಗಳು ಸವ್ಸನ್ ಮಾಡುವ ಸಲಾಮು.

ಬರೆದು ಹರಿದು, ಮತ್ತೆ ಬರೆಯುತ್ತಿದ್ದೇನೆ. ಫೋನಿನಲ್ಲಿ ನಮ್ಮ ಭಾಷೆ ಆಡಿದರೆ ಅತ್ತೆಗೆ ತಮ್ಮನ್ನೇ ಬೈಯುತ್ತಿದ್ದೇನೆಂಬ ಗುಮಾನಿ. ಇವರ ತಾಜಿಕಿಯಲ್ಲಿ ನಿನ್ನೊಡನೆ ಮಾತಾಡಲು ನನಗೆ ನಾಲಿಗೆ ಏಳುವುದಿಲ್ಲ. ಅದಕ್ಕೇ ನಮ್ಮೂರಿಗೆ ಹೊರಟ ಜೀಪಿನವನ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ.

ಮೊಮ್ಮಗಳಿಗೆ ನೀನು ತೊಟ್ಟಿಲು ತರುವ ದಿನ ಹತ್ತಿರವಾದಂತೆ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಮೊನ್ನೆ ಅತ್ತೆ ರೊಟ್ಟಿ ಮುರಿಯುತ್ತ ಶುರುಮಾಡಿದರು: "ನಿಮ್ಮಮ್ಮಂಗೆ ಮೊದ್ಲೇ ಹೇಳ್ಬಿಡು. ಬಂದೋರ ಕೈಗೆಲ್ಲ ಮುತ್ತಿಟ್ಟು, ತನ್ ಕೈಗೂ ಇಡ್ಲಿ ಅಂತ ಚಾಚ್ಕೊಂಡು ನಿಂತ್ರೆ ನಮ್ ಮರ್ಯಾದೆ ಏನಾಗ್ಬೇಕು?" ಮನ್ಸೂರನೂ ದನಿಗೂಡಿಸಿದ: "ಒಂದೇ ದಿನ ಕಣೆ, ಬರೆದ್ಹಾಕು." ನನ್ನ ಗಂಡ ಕೆಟ್ಟವನಲ್ಲ ಅಮ್ಮ, ಜಗಳ ಅಂದರೆ ಅವನಿಗೆ ಭಯ. ಆಯ್ತು ಎಂದುಬಿಟ್ಟೆ.

ಮದುವೆಯ ದಿನದ್ದು ನಿನಗೆ ಹೇಳಿಯೇ ಇಲ್ಲ. ಅತ್ತೆಯ ಕೈಗೆ ಮುತ್ತಿಟ್ಟೆ. ನಮ್ಮಲ್ಲಿಯ ಹಾಗೆ ಅವರೂ ನನ್ನ ಕೈಗೆ ಇಡುತ್ತಾರೆಂದು ಪೆದ್ದಿಯಂತೆ ಕಾದೆ. ಯಾರೋ ಕಿಸಕ್ಕನೆ ನಕ್ಕರು: "ಪಾಮಿರಿ ಹುಡುಗಿ ಏನೋ ಬೇಕಂತ ನಿಂತಿದಾಳೆ, ಬಳೆನಾದ್ರೂ ಹಾಕ್ರೇ!" ಅಂದಿನಿಂದ ಈ ಮನೆಯಲ್ಲಿ ಕೆಲಸಕ್ಕಲ್ಲದೆ ಕೈ ಚಾಚಿಲ್ಲ.

ನೀನೋ, ಪಕ್ಕದ ಮನೆಯ ಪುಟ್ಟಿ ಹಿಪ್ಪುನೇರಳೆ ತಿಂದ ಕೈ ಕೊಟ್ಟರೂ ಬಗ್ಗಿ ಮುತ್ತಿಡುವವಳು. "ನನ್ ತುಟಿಗೂ ಬಣ್ಣ ಬಳಿದ್ಯಲ್ಲೇ ಕಳ್ಳಿ, ಈ ವಯಸ್ನಲ್ಲಿ ನಂಗೆ ಇನ್ನೊಂದ್ ಮದ್ವೆ ಮಾಡಿಸ್ತೀಯಾ?" ಎನ್ನುತ್ತಿದ್ದೆ. ಅಪ್ಪ ಕೆಮ್ಮುತ್ತ ನಗುತ್ತಿದ್ದರು. ಕೊಟ್ಟ ಕೈಗೆ ಮರಳಿ ಮುತ್ತು ಸಿಗದೆ ಇರಬಹುದು ಎಂದು ನನಗೆ ಆಗ ಗೊತ್ತೇ ಇರಲಿಲ್ಲ.

ಇಲ್ಲಿ ಕೈ ಚಾಚಬೇಡವೆಂದು ನಿನಗೆ ಹೇಳಲೆಂದೇ ಬರೆಯಲು ಕೂತೆ, ಆಗುತ್ತಿಲ್ಲ. ಮತ್ತೆ ಮತ್ತೆ ನನ್ನ ಮಗಳ ಮುಖ ನೋಡುತ್ತೇನೆ. ಜನರ ಮುಂದೆ ಹೇಗೆ ನಿಲ್ಲಬೇಕೆಂದು ಅವಳು ಕಲಿಯುವುದು ನಮ್ಮನ್ನು ನೋಡಿಯೇ ತಾನೆ? ಇವರು ಸಿಟ್ಟಾದರೆ ನಾನು ಇದೇ ಮನೆಯಲ್ಲಿ ಬಾಳಬೇಕು, ಅದೂ ಗೊತ್ತು.

ಆದರೂ ಬಾ. ತೊಟ್ಟಿಲಿಳಿಸಿ, ಎಲ್ಲರೂ ನೋಡುವಂತೆ ಅತ್ತೆಯ ಕೈಗೆ ಮುತ್ತಿಡು. ನಿನ್ನ ಕೈಯನ್ನೂ ಅವರ ಮುಂದೆ ಹಿಡಿ. ಅವರು ಮುಖ ತಿರುಗಿಸಿದರೂ ಕೈ ಇಳಿಸಬೇಡ. ಮಗುವನ್ನೆತ್ತಿಕೊಂಡು ನಾನು ಪಕ್ಕದಲ್ಲೇ ಇರುತ್ತೇನೆ, ಆ ಕೈಗೆ ಮುತ್ತು ನಾನಿಡುತ್ತೇನೆ. ಆಮೇಲೆ ಆಗುವುದು ಆಗಲಿ.

ಬೆಟ್ಟದ ದಾರಿಯುದ್ದಕ್ಕೂ ಮೌಲಾ ನಿನ್ನನ್ನು ಕಾಯಲಿ.

ನಿನ್ನ ದಾರಿ ಕಾಯುತ್ತಿರುವ,
ಸವ್ಸನ್