ಬಿಳಿ ನಿಲುವಂಗಿಯ ಅಂಚು

ಭಾನುವಾರ, ಪ್ರಾರ್ಥನೆ ಮುಗಿಸಿ

ನನ್ನ ಕಾಜದ ತಂಗಿಗೆ,

ದೊಡ್ಡವಳಾಗಿ ನಾನು ಆಶೀರ್ವಾದ ಬರೆಯಬೇಕು. ಕೈ ಬರುತ್ತಿಲ್ಲ. ನಮಸ್ಕಾರವನ್ನೇ ತಗೊ.

ನಿನ್ನ ಗಂಡನ ಕೈಯ ಸುಟ್ಟ ಗಾಯ ಮಾಗಿತೇ? ಕೇಳುವ ಮುಖ ನನಗಿಲ್ಲ, ಕೇಳದೆಯೂ ಇರಲಾರೆ. ಹೊಲಿಗೆ ಅಂಗಡಿಯಲ್ಲಿ ನಿನ್ನ ಮಣೆ ಇದ್ದಲ್ಲೇ ಇದೆ. ಈಗ ಶರ್ಟುಗಳಿಗೆ ಗುಂಡಿಯ ಕಾಜ ನಾನೇ ಹಾಕುತ್ತೇನೆ. "ಏನಮ್ಮಾ, ಇದು ಕಾಜಾನೋ, ಇಲಿ ಕಡಿದ ತೂತೋ?" ಎಂದು ಪೋಸ್ಟಿನವನು ನಗುತ್ತಾನೆ.

ಆ ಸಿನಿಮಾಕ್ಕೆ ನಿನ್ನನ್ನು ಎಳೆದುಕೊಂಡು ಹೋದವಳು ನಾನು. ಊರಿಗೆ ಊರೇ ನೋಡುತ್ತಿತ್ತಲ್ಲ. ನಿಮ್ಮ ಜನರ ವೇಷದವನು ಮೈಗೆಲ್ಲ ಮಸಿ ಬಳಿದುಕೊಂಡು ಪರದೆಗೆ ಬಂದಾಗ ನೀನು ನನ್ನ ತೋಳು ಚಿವುಟಿ, "ಅಕ್ಕಾ, ಕಿವಿ ಹಿಂದೆ ಬಳಿಯೋದು ಮರ್ತಿದಾನೆ ನೋಡಿ" ಎಂದು ನಕ್ಕೆ. ಅವನು ಮನೆ ದೋಚಿದ, ಹೆಣ್ಣುಮಕ್ಕಳ ಬೆನ್ನು ಹತ್ತಿದ. ನಿನ್ನ ನಗು ನಿಂತಿತು. ಬಿಳಿ ನಿಲುವಂಗಿ ತೊಟ್ಟು ಮುಖ ಮುಚ್ಚಿಕೊಂಡ ಸವಾರರು ಬಂದು ಅವನನ್ನು ಹೊಡೆದು ಕೆಡವಿದಾಗ ಎಲ್ಲರ ಜೊತೆ ನಾನೂ ಚಪ್ಪಾಳೆ ತಟ್ಟಿದೆ. ಸಂಗೀತ ಹಾಗಿತ್ತು ತಂಗೀ, ಕೈಗಳು ತಾವಾಗಿ ಎದ್ದವು. ನೀನು ನಿನ್ನ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ.

ಅಂಥ ಪಡೆ ನಮ್ಮ ಅಜ್ಜನ ಕಾಲದಲ್ಲಿ ನಿಜವಾಗಿಯೇ ಇತ್ತು. ಕಪ್ಪು ಮೈಯವರೆಂದು ನಿಮ್ಮವರ ಮನೆಗಳಿಗೆ ಬೆಂಕಿ ಇಡುತ್ತಿತ್ತು. ಅದರಲ್ಲಿದ್ದವರು ಮುದುಕರಾದ ಮೇಲೆ ಅದರ ಮಾತು ಬಂದರೆ ತಲೆ ತಗ್ಗಿಸಿ ಎದ್ದುಹೋಗುತ್ತಿದ್ದರು. ಸತ್ತು ಮಣ್ಣಾಗಿದ್ದದ್ದನ್ನು ಈ ಸಿನಿಮಾ ಎಬ್ಬಿಸಿ ಕೂರಿಸಿತು.

ಟಾಕೀಸಿನವನು, ನಿಲುವಂಗಿ ತೊಟ್ಟು ಬಂದವರಿಗೆ ಟಿಕೆಟ್ಟು ಪುಕ್ಕಟೆ ಎಂದ. ನನ್ನ ಮಗನೂ ಬಟ್ಟೆ ತಂದ. ಹೊಲಿಯಲು ನನಗೆ ಮನಸ್ಸಿರಲಿಲ್ಲ. "ಮಕ್ಕಳಾಟ ಬಿಡಿ ಅಕ್ಕಾ" ಎಂದವಳು ನೀನು. ಅವನ ಎಡಗಾಲು ಗಿಡ್ಡ, ಏನು ತೊಟ್ಟರೂ ಆ ಬದಿ ನೆಲ ಗುಡಿಸುತ್ತದೆ. ನೀನೇ ಗುಂಡುಸೂಜಿ ಚುಚ್ಚಿ, ಎಡಬದಿಯನ್ನು ಮೇಲೆ ಮಡಿಸಿ, ಕೈಯಲ್ಲಿ ಹೆಮ್ಮಿಂಗ್ ಮಾಡಿದೆ. "ನಮ್ಮ ರಾಜಕುಮಾರ ಈಗ ನೆಟ್ಟಗೆ ಕಾಣ್ತಾನೆ" ಎಂದೆ. "ಚಿಕ್ಕಮ್ಮಾ, ನೀನಿದ್ರೆ ಸಾಕು" ಎಂದು ನಿನ್ನ ಡಬ್ಬಿಯ ಊಟ ಕಿತ್ತುಕೊಂಡು ತಿಂದ.

ಸಿನಿಮಾ ಎತ್ತಂಗಡಿಯಾಯಿತು. ನಿಲುವಂಗಿಗಳು ಪೆಟ್ಟಿಗೆ ಸೇರಲಿಲ್ಲ. ಹುಡುಗರು ಟಾಕೀಸಿನ ಹಿಂದೆ ಗುಂಪು ಕೂಡಿ ಅದರದ್ದೇ ಡೈಲಾಗು ಹೊಡೆಯುತ್ತಿದ್ದರು. ಆಮೇಲೆ ನಿಮ್ಮ ಬೀದಿಗೆ ಬಂದು ಅದೇ ಡೈಲಾಗು ಹೊಡೆದರು. ಆಮೇಲೆ ಕಲ್ಲು. ಬಾಯಿ ಚಪಲ, ವಯಸ್ಸು ಎಂದು ನಾನು ಮಿಷನ್ ತುಳಿಯುತ್ತಾ ಕೂತೆ. ಕೊನೆಗೆ ಆ ಸಂಜೆ ನಿನ್ನ ಬಾಗಿಲಿಗೇ ಬೆಂಕಿ ಬಿತ್ತು.

ಪೊಲೀಸರಿಗೆ ನೀನು, ಎಲ್ಲರ ಮುಖ ಮುಚ್ಚಿತ್ತು, ಯಾರೆಂದು ತಿಳಿಯಲಿಲ್ಲ ಎಂದೆಯಂತೆ. ನನ್ನ ಮಗನಿಗೆ ಜ್ವರ, ಮನೆಯಲ್ಲೇ ಮಲಗಿದ್ದ ಎಂದು ನಾನು ಹೇಳಿದೆ. ದೇವರ ಹೆಸರು ಹಿಡಿದು ಹೇಳಿದೆ. ಊರು ಬಿಡುವ ದಿನ ನೀನು ಕತ್ತರಿ ಹಿಂದಿರುಗಿಸಲು ಬಂದು, ನನ್ನ ಮುಖ ನೋಡದೆ, "ಅಕ್ಕಾ, ಆ ಹೆಮ್ಮಿಂಗ್ ಬಿಚ್ಚಿಬಿಡಿ" ಎಂದೆ. ಆ ಸಂಜೆ ಕುಂಟುತ್ತಾ ಓಡುವವನ ನಿಲುವಂಗಿಯ ಅಂಚು ನೆಟ್ಟಗಿರುವುದನ್ನು ನೀನು ಕಂಡಿದ್ದೆ. ನಿನ್ನ ಹೊಲಿಗೆ ನಿನಗೆ ತಿಳಿಯದೇ? ನಾನು ಅರ್ಥವಾಗದವಳ ಹಾಗೆ ಕತ್ತರಿ ತಗೊಂಡು ಒಳಗಿಟ್ಟೆ.

ಅಂದಿನಿಂದ ಪ್ರಾರ್ಥನೆಗೆ ಕೂತರೆ ಮಾತು ಬರುವುದಿಲ್ಲ. ಮಗನನ್ನು ಕಾಪಾಡು ಎನ್ನಲೇ? ಕಾಪಾಡಿದವಳು ನೀನು. ನಿನ್ನೆ ಅವನಿಗೆ ಬಡಿಸುತ್ತಾ ಆ ಸಂಜೆಯ ಬಗ್ಗೆ ಕೇಳಿದೆ. "ಸುಮ್ನಿರಮ್ಮಾ, ಅವಳೇ ಏನೂ ಹೇಳಿಲ್ವಲ್ಲ" ಎಂದ. ಅವಳು. ಚಿಕ್ಕಮ್ಮ ಅಲ್ಲ, ಅವಳು. ಹಾಗೆಂದು ಉಪ್ಪು ಕೇಳಿ ಹಾಕಿಸಿಕೊಂಡ.

ನನಗಾಗಿ ನೀನು ಬಾಯಿ ಮುಚ್ಚಿಕೊಂಡದ್ದು ಸಾಕು. ಮತ್ತೆ ಯಾರಾದರೂ ಕೇಳಿದರೆ ಕಂಡದ್ದನ್ನು ಹೇಳು.

ಇಂತಿ,
ನೀನು ಅಕ್ಕಾ ಎಂದು ಕರೆಯುತ್ತಿದ್ದ
ಹೊಲಿಗೆಯವಳು

ಮರೆತ ಮಾತು: ಇದನ್ನು ಅಂಚೆಗೆ ಹಾಕುವ ಮುಂಚೆ ಠಾಣೆಗೆ ಹೋಗಿ ಬಂದೆ. ಜ್ವರದ ಮಾತು ಸುಳ್ಳು ಎಂದು ಹೇಳಿ ಅವನ ನಿಲುವಂಗಿ ಕೊಟ್ಟೆ. ಹೆಮ್ಮಿಂಗ್ ಬಿಚ್ಚಿಲ್ಲ. ಅವನಿಗೆ ಇನ್ನೂ ತಿಳಿಯದು, ಮಧ್ಯಾಹ್ನ ಊಟಕ್ಕೆ ಬರುತ್ತಾನೆ. ಪೊಲೀಸರೂ ಆ ಹೊತ್ತಿಗೇ ಬರುತ್ತಾರಂತೆ. ಅವನು ಉಂಡು ಕೈ ತೊಳೆಯುವ ತನಕ ಹೊರಗೇ ನಿಂತಿರಿ ಎಂದು ಬೇಡಿಕೊಂಡು ಬಂದಿದ್ದೇನೆ.