ರುಚಿ ನೋಡುವ ಮಾತ್ರೆಯಲ್ಲ

ಅಪ್ಪಾ,

ನಿನ್ನೆ ನೀನು ಒಲೆ ಮುಂದೆ ಕುಸಿದು ಬಿದ್ದೆಯಲ್ಲ, ಎಂಥ ಕೆಲಸ ಮಾಡಿಕೊಂಡೆ. ಹೋಟೆಲಿನಲ್ಲಿ ರುಚಿ ನೋಡದೆ ಏನನ್ನೂ ಬಡಿಸುವವನಲ್ಲ ನೀನು, ಒಪ್ಪಿದೆ. ಹಾಗಂತ ಮಗನ ಮಾತ್ರೆಯನ್ನೂ ನುಂಗಿ ನೋಡುವುದಾ? ಅದು ನನ್ನ ತಲೆಯೊಳಗಿನ ದನಿಗಳನ್ನು ಸುಮ್ಮನಿರಿಸಲು ಕೊಟ್ಟದ್ದು. ನಿನ್ನ ಬಿ.ಪಿ. ಮಾತ್ರೆಯ ಮೇಲೆ ಅದೂ ಬಿದ್ದರೆ ಇನ್ನೇನಾಗುತ್ತೆ ಅಂತ ಡಾಕ್ಟರೇ ಬೈದರು.

ಇವತ್ತು ಗ್ಯಾಸ್ ಹಚ್ಚಬೇಡ. ದಡಕ್ಕನೆ ಏಳಬೇಡ, ಮಂಚದ ಮೇಲೆ ಸ್ವಲ್ಪ ಕೂತು, ಗೋಡೆ ಹಿಡಿದು ಏಳು. ತಲೆ ಸುತ್ತಿದರೆ ಕೆಳಗಿನ ಮನೆ ಟೈಲರಣ್ಣನನ್ನು ಕೂಗು, ಅವನಿಗೆ ಹೇಳಿದ್ದೇನೆ. ಕುಡಿಯಲು ನೀರು ತಲೆದೆಸೆಯಲ್ಲೇ ಇದೆ.

ಮಾತ್ರೆ ಡಬ್ಬಿ ನನ್ನ ಚೀಲದಲ್ಲಿದೆ, ಹುಡುಕಬೇಡ. "ಇಂಥಾದ್ದು ನಿಂಗ್ಯಾಕೋ, ಬಿಟ್ಬಿಡೋ" ಅಂತ ಆಸ್ಪತ್ರೆಯಲ್ಲಿ ಕಣ್ಣೀರಿಟ್ಟೆಯಲ್ಲ, ನಾನಾಗಿಯೇ ಬಿಟ್ಟಾಗ ಹೋದ ವರ್ಷ ಏನಾಯಿತು ಅಂತ ಮರೆತೆಯಾ? ಸಂಜೆ ಇಬ್ಬರೂ ಡಾಕ್ಟರ ಹತ್ತಿರ ಹೋಗೋಣ. ಡೋಸ್ ಕಮ್ಮಿ ಮಾಡುವುದೋ ಬೇಡವೋ ಅವರೇ ಹೇಳಲಿ.

ಮೈಗೆ ಕಲ್ಲು ಕಟ್ಟಿದ ಹಾಗಿದೆ ಅಂದೆ ನೀನು. ನನಗೆ ದಿನಾ ಬೆಳಿಗ್ಗೆ ಹಾಗೇ ಇರುತ್ತೆ. ಇನ್ನು ಮೇಲೆ "ಸೋಂಬೇರಿ, ಏಳೋ" ಅಂತ ಬಾಗಿಲು ಬಡಿಯಲ್ಲ ತಾನೇ?